ಸೌದೆಗೆ ಸರಿಹೋಯ್ತು

ಅಮೆರಿಕದಲ್ಲೋ ಕೆನಡಾದಲ್ಲೋ ಮನೆ ಮಾಡಿಕೊಂಡಿರುವ ನಮ್ಮ ಕಡೆಯ ಹುಡುಗರು ಊರಿಗೆ ಫೋನ್ ಮಾಡಿದಾಗ ಹೇಳುವ ಸಂಗತಿಗಳಲ್ಲಿ ಮರ ಕಡಿಸಿದ ಖರ್ಚಿನ ಸಂಗತಿಗೆ ಹೊಸದುರ್ಗದ ಜಗಲಿಗಳಲ್ಲಿ ಒಳ್ಳೆ ಬೇಡಿಕೆಯಿದೆ. ಹಿತ್ತಲಿನ ಒಂದು ಮರ ತೆಗೆಸಲು ಸಾವಿರ ಡಾಲರು, ದೊಡ್ಡ ಮರವಾದರೆ ಇನ್ನೂ ಜಾಸ್ತಿ, ಬೊಡ್ಡೆ ಕೀಳಿಸುವುದಕ್ಕೆ ಬೇರೆ ಬಿಲ್ಲು. ಕೇಳಿದವರು ಮೊದಲು ಬೆರಗಾಗುತ್ತಾರೆ, ಆಮೇಲೆ ನಗುತ್ತಾರೆ. "ನಮ್ಮಲ್ಲಾದ್ರೆ ಸೌದೆಯೋರು ಅವರೇ ಬಂದು ಕಡ್ಕಂಡು, ಮ್ಯಾಲೆ ನಮ್ಗೇ ನಾಕು ಕಾಸು ಕೊಟ್ಟು ಹೋಗ್ತಾರಪ್ಪ" ಎಂಬ ಮಾತು ಬರುತ್ತದೆ. ಅಲ್ಲಿಗೆ ಆ ದೇಶದವರು ದಡ್ಡರೆಂದೂ ನಾವು ಲೆಕ್ಕ ಬಲ್ಲವರೆಂದೂ ತೀರ್ಮಾನವಾಗುತ್ತದೆ.

ಮರ ಕಡಿಸುವುದಕ್ಕೆ ದುಡ್ಡು ಬೇಕಾಗಿಲ್ಲ, ಸೌದೆಗೆ ಸರಿಹೋಗುತ್ತದೆ. ಇನ್ನು ಮರ ನೋಡಿಕೊಳ್ಳುವುದಕ್ಕೆ ದುಡ್ಡು ಕೊಡುವುದಂತೂ ಕೇಳಿಯೇ ಇಲ್ಲ, ಅದು ತಾನಾಗಿ ಬೆಳೆಯುವ ವಸ್ತು. ಚಿತ್ರದುರ್ಗದಿಂದ ಹಿರಿಯೂರಿನವರೆಗೆ, ಹೊಳಲ್ಕೆರೆಯಿಂದ ಹೊಸದುರ್ಗದವರೆಗೆ ಈ ಅಭಿಪ್ರಾಯವನ್ನು ಯಾರೂ ಪ್ರಶ್ನೆ ಮಾಡಿದ್ದಿಲ್ಲ. ನನ್ನ ತಕರಾರು ಇರುವುದು ಇದರ ಮೇಲೆಯೇ. ಈ ವ್ಯವಹಾರದಲ್ಲಿ ಸರಿಹೋಗುವುದು ಏನೂ ಇಲ್ಲ. ಬಿಲ್ಲು ಇದ್ದೇ ಇದೆ. ನಾವು ಕಟ್ಟುವುದಿಲ್ಲ ಅಷ್ಟೆ; ಬೇರೆಯವರಿಂದ ಕಟ್ಟಿಸುತ್ತೇವೆ.

ಚಳಿ ದೇಶದ ಬಿಲ್ಲು ದುಬಾರಿ ನಿಜ. ಅದರೊಳಗೆ ಏನೇನಿದೆ ಎಂದು ಬಿಡಿಸಿ ನೋಡುವವರು ಕಡಿಮೆ. ಮರ ಹತ್ತುವವನ ವಿಮೆ, ಪಕ್ಕದ ಮನೆಯ ಮಾಡು ಮುರಿದರೆ ತುಂಬಿಕೊಡುವ ಇನ್ನೊಂದು ವಿಮೆ, ಆಳನ್ನು ಮೇಲೆತ್ತುವ ಬುಟ್ಟಿ ಇರುವ ಲಾರಿ, ರೆಂಬೆಯನ್ನೆಲ್ಲ ಚಕ್ಕೆ ಮಾಡುವ ಯಂತ್ರ, ಪರೀಕ್ಷೆ ಬರೆದು ಪಾಸಾದ ವೃಕ್ಷತಜ್ಞನ ಸಂಬಳ. ಎಲೆ ಉದುರಿ ನೆಲ ಹೆಪ್ಪುಗಟ್ಟಿದ ಚಳಿಗಾಲದಲ್ಲಿ ಕೆಲಸವೂ ಸಲೀಸು, ಗಿರಾಕಿಯೂ ಕಮ್ಮಿ. ಹಾಗಾಗಿ ಆಗ ಸ್ವಲ್ಪ ಅಗ್ಗಕ್ಕೆ ಆಗುತ್ತದೆ ಎಂಬುದೂ ಅಲ್ಲಿನ ಮನೆಯವರಿಗೆ ಗೊತ್ತು. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್, ಒಂಟಾರಿಯೊ ಕಡೆ ಬಿದ್ದ ಮಳೆ ಕೊಂಬೆಗಳ ಮೇಲೆಯೇ ಮಂಜುಗಡ್ಡೆಯಾಗಿ, ಆ ಭಾರಕ್ಕೆ ಮರಗಳೂ ಕಂಬಗಳೂ ಮುರಿದು, ಲಕ್ಷಾಂತರ ಮನೆಗಳು ದಿನಗಟ್ಟಲೆ ಕರೆಂಟಿಲ್ಲದೆ ನಡುಗಿದವು. ಹಾಗೆ ಪೆಟ್ಟು ತಿಂದವರು ಕೊಂಬೆ ಮುರಿಯುವ ಮೊದಲೇ ಸವರಿಸುವ ಖರ್ಚನ್ನು ದಂಡ ಎಂದುಕೊಳ್ಳುವುದಿಲ್ಲ.

ಇನ್ನೊಂದು ಉದಾಹರಣೆ ನನ್ನ ವಾದಕ್ಕೆ ಹೆಚ್ಚು ಹತ್ತಿರದ್ದು. 2002ರಲ್ಲಿ ಮಿಚಿಗನ್ ರಾಜ್ಯದ ಡೆಟ್ರಾಯಿಟ್ ಹತ್ತಿರ ಪಚ್ಚೆ ಬಣ್ಣದ ಒಂದು ಕೊರಕ ದುಂಬಿ ಪತ್ತೆಯಾಯಿತು. ಏಷ್ಯಾದಿಂದ ಹೋದದ್ದು. ಅದು ಆ್ಯಶ್ ಎಂಬ ಜಾತಿಯ ಮರಗಳನ್ನು ಕೋಟಿಗಟ್ಟಲೆ ಒಣಗಿಸಿತು. ಬೀದಿಬೀದಿಯಲ್ಲಿ, ಮನೆಮನೆಯ ಮುಂದೆ ಇದ್ದ ಮರ ಅದು. ಮನೆಯವರ ಎದುರಿಗೆ ಎರಡು ದಾರಿ ಇದ್ದವು: ಎರಡು ಮೂರು ವರ್ಷಕ್ಕೊಮ್ಮೆ ಕಾಂಡಕ್ಕೆ ಔಷಧಿಯ ಇಂಜೆಕ್ಷನ್ ಕೊಡಿಸುತ್ತಾ ಮರ ಉಳಿಸಿಕೊಳ್ಳುವುದು, ಇಲ್ಲವೇ ಕಡಿಸುವುದು. ಎರಡಕ್ಕೂ ಕೈಯಿಂದ ದುಡ್ಡು ಹೋಗಬೇಕು. ಎರಡಕ್ಕೂ ಹೋಗಬೇಕಾದ್ದರಿಂದಲೇ ಕೂತು ತೂಗಿ ನೋಡಿದರು. ಎಷ್ಟೋ ಜನ ಇಂಜೆಕ್ಷನ್ನೇ ವಾಸಿ ಎಂದರು. ಕಡಿಸಿದರೆ ದುಡ್ಡು ಬರುತ್ತದೆ, ಉಳಿಸಿಕೊಂಡರೆ ದುಡ್ಡು ಹೋಗುತ್ತದೆ ಎನ್ನುವ ಊರಿನಲ್ಲಿ ಈ ತೂಕ ಹಾಕುವ ಪ್ರಸಂಗವೇ ಬರುವುದಿಲ್ಲ. ನಮ್ಮ ಊರುಗಳು ಅಂಥವು.

ಇಲ್ಲಿ ವ್ಯವಹಾರ ಹೇಗೆ ಕುದುರುತ್ತದೆ ನೋಡಿ. ಚಿತ್ರದುರ್ಗದ ಯಾವುದೋ ಬಡಾವಣೆ. ಮನೆ ಪಕ್ಕದಲ್ಲಿ ಹದಿನೈದು ಇಪ್ಪತ್ತು ವರ್ಷದ ಬೇವು. ಅದರ ಒಂದು ಕೊಂಬೆ ತಾರಸಿಯ ಮೇಲೆ ಬಾಗಿ ಸೋಲಾರ್ ಹೀಟರಿಗೆ ತಾಗುತ್ತಿದೆ. ಮನೆಯ ಯಜಮಾನರಿಗೆ ಬೇಕಾದದ್ದು ಆ ಕೊಂಬೆ ತೆಗೆಯುವುದು, ಅಷ್ಟೇ. ಮರ ಕಡಿಯುವವನು ಟಿವಿಎಸ್ ಎಕ್ಸೆಲ್‌ನಲ್ಲಿ ಬರುತ್ತಾನೆ. ಕೊಂಬೆಯ ಕಡೆ ಒಂದು ಸಲ ಕಣ್ಣು ಹಾಯಿಸಿದವನು ನೇರ ಬುಡಕ್ಕೆ ಹೋಗಿ ಎರಡು ಕೈಯಲ್ಲೂ ಮರವನ್ನು ತಬ್ಬುತ್ತಾನೆ. ಬೆರಳಿಗೆ ಬೆರಳು ತಾಗುತ್ತದೋ ಇಲ್ಲವೋ ಎಂಬುದು ಅವನ ಅಳತೆ.

"ಒಂದ್ ಕೊಂಬೆಗೆ ಹತ್ತಿಳಿದ್ರೆ ನಮ್ಗೇನ್ ಗಿಟ್ಟುತ್ತೆ ಸಾರ್? ಬುಡಕ್ಕೇ ಹಾಕ್ಬಿಡಾಣ. ಬೇರು ಬ್ಯಾರೆ ನಿಮ್ ಸಂಪಿನ್ ಕಡೆಗೇ ಹೋಗೈತೆ."

"ಎಷ್ಟಾಗುತ್ತಪ್ಪಾ?"

"ನೀವೇನೂ ಕೊಡಬ್ಯಾಡ್ರಿ. ಸೌದೆ ನಮ್ಗೆ."

ಒಳಗಿನಿಂದ ಯಜಮಾನರ ತಾಯಿ, "ಯುಗಾದಿಗೆ ಬೇವಿನ ಹೂ ಎಲ್ಲಿಂದ ತರ್ತೀಯೋ?" ಎಂದರೆ ಆ ಮಾತು ಹೊರಗೆ ಕೇಳಿಸುವಷ್ಟರಲ್ಲಿ ಹಗ್ಗ ಬಿಗಿದಾಗಿರುತ್ತದೆ. ಸಂಜೆಗೆ ದಪ್ಪ ದಿಮ್ಮಿಗಳು ಟ್ರ್ಯಾಕ್ಟರ್ ಏರುತ್ತವೆ. ಸೊಪ್ಪು, ಸಣ್ಣ ರೆಂಬೆ, ಮುರಿದ ಕಾಂಪೌಂಡ್ ಇಟ್ಟಿಗೆ ಬೀದಿಯಲ್ಲೇ ಉಳಿಯುತ್ತವೆ, ಅವುಗಳಲ್ಲಿ ಕಾಸಿಲ್ಲ. ಅವನ್ನು ಸಾಗಿಸಲು ಮಾರನೆಯ ದಿನ ಯಜಮಾನರು ಬೇರೆ ಗಾಡಿಗೆ ದುಡ್ಡು ಕೊಡುತ್ತಾರೆ, ಇಲ್ಲವೇ ಖಾಲಿ ಸೈಟಿನಲ್ಲಿ ಸುಡುತ್ತಾರೆ. ಬೊಡ್ಡೆ ಹಾಗೇ ಇರುತ್ತದೆ. ಲೆಕ್ಕ ಮಾತ್ರ ಸರಿಹೋಯಿತು.

ಕಡಿಯುವವನನ್ನು ಇಲ್ಲಿ ಬೈಯುವುದು ಸುಲಭ, ಅನ್ಯಾಯವೂ ಹೌದು. ಅವನಿಗೆ ಸಿಗುವುದು ಸೌದೆ ಮಾತ್ರ ಎಂದು ಗೊತ್ತು ಮಾಡಿದವರು ನಾವು. ಸೌದೆ ಇರುವುದು ಕಾಂಡದಲ್ಲಿ. ಇಟ್ಟಿಗೆ ಗೂಡಿನವರಾಗಲಿ, ಸಾಮಿಲ್‌ನವರಾಗಲಿ, ಕಲ್ಯಾಣ ಮಂಟಪದ ಅಡುಗೆಯವರಾಗಲಿ ತೂಕ ನೋಡಿ ಕೊಳ್ಳುತ್ತಾರೆಯೇ ಹೊರತು ಎಲೆ ನೋಡಿ ಅಲ್ಲ. ಕ್ಷೌರ ಮಾಡುವವನಿಗೆ ಕೂದಲನ್ನೇ ಕೂಲಿಯಾಗಿ ಕೊಡುವ ಪದ್ಧತಿ ಇದ್ದಿದ್ದರೆ ಊರಲ್ಲಿ ಯಾರ ತಲೆಯ ಮೇಲೂ ಕೂದಲು ಉಳಿಯುತ್ತಿರಲಿಲ್ಲ. ಕೊಂಬೆ ಕೇಳಿದವರಿಗೆ ಮರವೇ ಹೋಗುವುದು ಈ ಪದ್ಧತಿಯಿಂದ. ಇದರಲ್ಲಿ ಯಾರ ದುರಾಸೆಯನ್ನೂ ಹುಡುಕಬೇಕಾಗಿಲ್ಲ.

ಸೌದೆ ಲೆಕ್ಕದ ಪೊಳ್ಳುತನ ಬಯಲಾಗಬೇಕಾದರೆ ಸೌದೆಗೆ ಬೆಲೆ ಇಲ್ಲದ ಮರವನ್ನು ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಅದು ತೆಂಗು. ಹಿರಿಯೂರಿನ ತೆಂಗಿಗೆ ಆಧಾರ ವಾಣಿ ವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಎಷ್ಟೋ ಬರ. ಹೋದ ದಶಕದ ಬರದಲ್ಲಂತೂ ಕಣಿವೆಯ ನೀರು ತಳ ಹಿಡಿದು, ಬೋರ್‌ವೆಲ್ ಬತ್ತಿ, ದಶಕಗಳ ತೆಂಗಿನ ತೋಟಗಳು ಸುಳಿ ಒಣಗಿ ಕಂಬಗಳಂತೆ ನಿಂತವು. ತೋಟದ ಮರವಾದರೆ ಬುಡಕ್ಕೆ ಜೆಸಿಬಿ ಕೊಟ್ಟು ಕೆಡವಬಹುದು. ಅದೇ ಮರ ಮನೆಯ ಗೋಡೆಗೆ ಮಾರು ದೂರದಲ್ಲಿದ್ದರೆ? ಒಂದು ಕಡೆ ಹೆಂಚಿನ ಮಾಡು, ಇನ್ನೊಂದು ಕಡೆ ಬೆಸ್ಕಾಂ ತಂತಿ, ಎದುರಿಗೆ ಪಕ್ಕದವರ ದನದ ಕೊಟ್ಟಿಗೆ. ಆಗ ಒಬ್ಬ ಮೇಲೆ ಹತ್ತಬೇಕು. ಮೊದಲು ಗರಿ, ಆಮೇಲೆ ತಲೆ, ಆಮೇಲೆ ಕಾಂಡವನ್ನು ಮೇಲಿನಿಂದ ಮೂರು ಮೂರು ಅಡಿ ತುಂಡು ಮಾಡಿ, ಪ್ರತಿ ತುಂಡಿಗೂ ಹಗ್ಗ ಕಟ್ಟಿ ಇಳಿಸುತ್ತಾ ಬರಬೇಕು. ತಾನು ಕಚ್ಚಿ ಹಿಡಿದಿರುವ ಮರವನ್ನೇ ತನ್ನ ತಲೆಯ ಮೇಲಿನಿಂದ ಕೊಯ್ಯುವ ಕೆಲಸ ಅದು. ಒಣಗಿ ವರ್ಷವಾದ ಮರ ಒಳಗೆ ಎಲ್ಲಿ ಲಡ್ಡಾಗಿದೆ ಎಂದು ಕೆಳಗೆ ನಿಂತವರಿಗೆ ಕಾಣುವುದಿಲ್ಲ.

ಇಷ್ಟಾಗಿ ಕೆಳಗೆ ಬಿದ್ದ ತುಂಡು ಯಾರಿಗೂ ಬೇಡ. ನಾರು ನಾರಾದ ಕಾಂಡ ಒಲೆಗೂ ಒಗ್ಗುವುದಿಲ್ಲ. ಹಾಗಾಗಿ ಕಡಿಯುವವನು ಇಲ್ಲಿ ದುಡ್ಡೇ ಕೇಳುತ್ತಾನೆ, ಸಾವಿರಗಳಲ್ಲಿ. ಕೇಳಿದ ತಕ್ಷಣ, ಬೇವು ಕಡಿಸಿದಾಗ ಒಂದು ರೂಪಾಯಿ ಕೊಡದಿದ್ದವರಿಗೆ ಸಿಟ್ಟು ಬರುತ್ತದೆ. "ಒಂದು ಮರಕ್ಕೆ ಇಷ್ಟಾ? ಕೊಬ್ಬಿದಾರೆ ಕಣ್ರೀ ಇವರು." ಲೆಕ್ಕ ಹಾಕೋಣ. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ನೆಲದ ಮೇಲೆ ನಿಂತು ಮಣ್ಣು ಅಗೆಯುವುದಕ್ಕೆ ಸರ್ಕಾರವೇ ಗೊತ್ತು ಮಾಡಿದ ಕೂಲಿ ಇದು. ನಾಲ್ಕು ಆಳಿಗೆ 1,480. ಮೇಲೆ ಗರಗಸದ ಮಿಷನ್ನು, ಅದರ ಪೆಟ್ರೋಲು, ಹಗ್ಗ, ಸಾಗಿಸುವ ಗಾಡಿ. ನಾಲ್ವರಲ್ಲಿ ಒಬ್ಬ ನಲವತ್ತು ಅಡಿ ಮೇಲಿದ್ದಾನೆ. ಅವನ ಜೀವಕ್ಕೆ ಎಷ್ಟು ಕೂಡಿಸುತ್ತೀರೋ ನೀವೇ ಹೇಳಿ. ತೆಂಗು ಕಡಿಸಿದಾಗ ಕಾಣುವ ಮೊತ್ತವೇ ಮರ ಕಡಿಯುವ ಕೆಲಸದ ನಿಜವಾದ ಬೆಲೆ. ಬೇವು, ಹುಣಸೆಯಲ್ಲಿ ಅದು ಸೌದೆಯ ಮರೆಯಲ್ಲಿ ಅಡಗಿತ್ತು.

ತೆಂಗಿನ ಬೆಲೆಯ ಬಗ್ಗೆ ಸರ್ಕಾರದ ಲೆಕ್ಕವೂ ಒಂದಿದೆ. ತೆಂಗು ಅಭಿವೃದ್ಧಿ ಮಂಡಳಿಯ ವಿಮಾ ಯೋಜನೆಯಲ್ಲಿ 16ರಿಂದ 60 ವರ್ಷದ ಮರಕ್ಕೆ ವಿಮಾ ಮೊತ್ತ 1,750 ರೂಪಾಯಿ. ಪ್ರೀಮಿಯಂ ಮರಕ್ಕೆ 14, ಅದರಲ್ಲೂ ರೈತರ ಪಾಲು ಕಾಲು ಭಾಗ. ಕನಿಷ್ಠ ಐದು ಮರ ಇರಬೇಕೆಂಬ ಷರತ್ತು ಇರುವುದರಿಂದ ಮನೆ ಮುಂದೆ ಎರಡು ಮರ ಇಟ್ಟುಕೊಂಡವರು ಇದರೊಳಗೆ ಬರುವುದೇ ಇಲ್ಲ. ಬಂದರೂ, ಸತ್ತ ಮರಕ್ಕೆ ಸಿಗುವ ಆ ಹಣದಲ್ಲಿ ಗೋಡೆ ಪಕ್ಕದ ಮರವನ್ನು ಇಳಿಸಲು ಆಗುವುದಿಲ್ಲ. ಬಿರುಗಾಳಿಗೆ ಮರ ಮನೆಯ ಮೇಲೆಯೇ ಬಿತ್ತು ಎನ್ನಿ. ಪಕ್ಕಾ ಮನೆಗೆ ಭಾಗಶಃ ಹಾನಿಯಾದರೆ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಇರುವುದು 6,500 ರೂಪಾಯಿ, ಅದೂ ಹಾನಿ ಕನಿಷ್ಠ ಶೇ 15 ಇದ್ದರೆ. ಮೊದಲೇ ಖರ್ಚು ಮಾಡಲು ಹಿಂಜರಿದವರಿಗೆ ಆಮೇಲೆ ತುಂಬಿಕೊಡುವವರು ಯಾರೂ ಇಲ್ಲ ಎಂಬುದಕ್ಕೆ ಇಷ್ಟು ಸಾಕು.

ಈಗ ಹತ್ತುವವನ ಮಾತು. ಚಳಿ ದೇಶದ ಬಿಲ್ಲಿನಲ್ಲಿ ಮೊದಲ ಸಾಲಿನಲ್ಲಿರುವುದು ಅವನ ವಿಮೆ. ಯಾಕೆಂದರೆ ಅಮೆರಿಕದಲ್ಲಿ ಅತಿ ಹೆಚ್ಚು ಸಾವು ಸಂಭವಿಸುವ ಕಸುಬುಗಳ ಸಾಲಿನಲ್ಲಿ ಮರ ಕಡಿತ ವರ್ಷವೂ ನಿಲ್ಲುತ್ತದೆ. ನಮ್ಮಲ್ಲಿ ಆ ಸಾಲೇ ಇಲ್ಲ. ಮರ ಹತ್ತುವವರ ಕಾಲಿಗೆ ಚಪ್ಪಲಿ ಇಲ್ಲ, ಸೊಂಟಕ್ಕೆ ಬೆಲ್ಟ್ ಇಲ್ಲ, ತಲೆಗೆ ಟವಲು. ಬಿದ್ದರೆ ಜಿಲ್ಲಾ ಆಸ್ಪತ್ರೆ. ಮನೆಯವರು ಹಣ್ಣು ತೆಗೆದುಕೊಂಡು ಹೋಗಿ ನೋಡಿ ಬರುತ್ತಾರೆ. ಒಳ್ಳೆಯವರಾದರೆ ಒಂದಿಷ್ಟು ದುಡ್ಡು ಕೈಗೆ ತುರುಕುತ್ತಾರೆ. ಬೆನ್ನುಮೂಳೆ ಮುರಿದವನ ಮುಂದಿನ ಇಪ್ಪತ್ತು ವರ್ಷ ಅವನ ಹೆಂಡತಿಯ ಕೂಲಿಯ ಮೇಲೆ ನಡೆಯುತ್ತದೆ. ನಾನು ಬಿಲ್ಲನ್ನು ಬೇರೆಯವರಿಂದ ಕಟ್ಟಿಸುತ್ತೇವೆ ಎಂದದ್ದು ಇದನ್ನೇ.

ಇದಕ್ಕೆ ಬೇಕಾದ ವ್ಯವಸ್ಥೆ ಇಲ್ಲವೆಂದಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದ ಸಹಾಯದಿಂದ ಮರ ಹತ್ತುವುದನ್ನು, ತೆಂಗಿನ ರೋಗ ಗುರುತಿಸುವುದನ್ನು ಯುವಕರಿಗೆ ಕಲಿಸುತ್ತಾ ಬಂದಿದೆ. ಹತ್ತುವವರಿಗಾಗಿಯೇ 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆ ಇದೆ; ಪ್ರೀಮಿಯಂನ ದೊಡ್ಡ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಬ್ಯಾಂಕ್ ಖಾತೆ ಇರುವ, 18ರಿಂದ 70 ವರ್ಷದೊಳಗಿನ ಯಾರಿಗೇ ಆಗಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ಇಪ್ಪತ್ತು ರೂಪಾಯಿ! ಮರದ ಕೆಳಗೆ ಅವನಿಗೆ ತರಿಸಿಕೊಡುವ ಟೀ ಬನ್ನಿನ ದುಡ್ಡು. ಕೇಳುವವರಿಲ್ಲದೆ ಅದೂ ಬಿಟ್ಟುಹೋಗಿರುತ್ತದೆ.

ಹತ್ತುವವರೇ ಕಮ್ಮಿಯಾಗುತ್ತಿದ್ದಾರೆ ಎಂಬ ಗೊಣಗಾಟ ಹೊಳಲ್ಕೆರೆ ಕಡೆಯ ಅಡಿಕೆಯವರಲ್ಲಿ ಜೋರು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಗೊನೆ ಕೊಯ್ಯುವುದಾಯಿತು. ಬೆಳೆದ ಹುಡುಗರು ಮರ ಹತ್ತುವುದನ್ನು ಕಲಿಯಲಿಲ್ಲ. ಕಲಿಯದೆ ಇರುವುದೇ ಕ್ಷೇಮ ಎಂದು ಅವರ ಅಪ್ಪಂದಿರೂ ಅಂದುಕೊಂಡರು. ಕಸುಬಿಗೆ ಮರ್ಯಾದೆಯೂ ಇಲ್ಲ, ಭದ್ರತೆಯೂ ಇಲ್ಲ ಎಂದಾಗ ಉಳಿಯುವವರು ಬೇರೆ ದಾರಿ ಇಲ್ಲದವರು ಮಾತ್ರ. ಅವರು ಕೇಳುವ ದರ ಏರಿದ್ದರಲ್ಲಿ ಆಶ್ಚರ್ಯವೇನಿದೆ?

ಖರ್ಚಿನ ಮಾತೆತ್ತಿದಾಗ ಜನ ತೋರಿಸುವ ಇನ್ನೊಂದು ಬೆರಳು ಅರಣ್ಯ ಇಲಾಖೆಯ ಕಡೆಗೆ. "ನಮ್ಮ ಮನೆ ಮರ ಕಡಿಯಕ್ಕೆ ಅವರ ಪರ್ಮಿಷನ್ ಯಾಕೆ? ಅಲೆದಾಟದಲ್ಲೇ ಅರ್ಧ ದುಡ್ಡು ಹೋಗುತ್ತೆ." ಅಲೆದಾಟದ ದೂರಿನಲ್ಲಿ ಹುರುಳಿದೆ, ಒಪ್ಪಿದೆ. ಆದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ಬೈಯುವವರಲ್ಲಿ ಬಹುಪಾಲು ಅದನ್ನು ಓದಿದವರಲ್ಲ. ತೆಂಗು, ಅಡಿಕೆ, ನೀಲಗಿರಿ, ಸಿಲ್ವರ್ ಓಕ್‌ನಂಥ ಜಾತಿಗಳಿಗೆ ಅನುಮತಿಯ ಗೊಡವೆಯೇ ಇಲ್ಲ. ಉಳಿದವುಗಳಲ್ಲೂ ಒಣಗಿದ ಮರಕ್ಕೆ, ಗಾಳಿಗೆ ಉರುಳಿದ ಮರಕ್ಕೆ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸಬಾರದೆಂದು ಕಾಯ್ದೆಯೇ ಹೇಳುತ್ತದೆ. ಕಡಿದವರು ಬದಲಿಗೆ ಗಿಡ ನೆಡಬೇಕೆಂಬ ಹೊಣೆಯೂ ಅದರಲ್ಲಿದೆ. ಅದನ್ನು ನೆನಪಿಟ್ಟುಕೊಂಡ ಮನೆ ಎಲ್ಲಾದರೂ ಇದ್ದರೆ ಹೋಗಿ ಕೈ ಮುಗಿದು ಬರಬೇಕು. ಅನುಮತಿ ಕೇಳದೆ, ಕೂಲಿಯನ್ನೂ ಕೇಳದೆ ನಮ್ಮ ಹಿತ್ತಲಿನ ಮರ ಕಡಿದುಕೊಡುವವರು ಈ ಜಿಲ್ಲೆಯಲ್ಲಿ ಒಂದೇ ಜಾತಿಯವರು, ಶ್ರೀಗಂಧದ ಕಳ್ಳರು.

ನನ್ನ ಆಕ್ಷೇಪ ಇರುವುದು ಕಾಯ್ದೆಯ ಇನ್ನೊಂದು ಮಗ್ಗುಲಿಗೆ. ಕಡಿಯಬೇಡಿ ಎನ್ನುತ್ತದೆ, ನೆಡಿ ಎನ್ನುತ್ತದೆ. ನಡುವಿನ ಐವತ್ತು ವರ್ಷ ಅದರ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಪರಿಸರದ ಉತ್ಸಾಹವೆಲ್ಲ ಹೀಗೆಯೇ. ಜೂನ್ 5ಕ್ಕೆ ನೆಡುವಾಗ ಫೋಟೋ ಉಂಟು. ಸಾಲುಮರದ ತಿಮ್ಮಕ್ಕನನ್ನು ನಾವು ಮರ ನೆಟ್ಟವರೆಂದು ಹೊಗಳಿದೆವು. ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಅವರೂ ಅವರ ಗಂಡನೂ ನೆಟ್ಟದ್ದಕ್ಕಿಂತ ದೊಡ್ಡ ಕೆಲಸ ಆ ಆಲದ ಸಸಿಗಳಿಗೆ ದೂರದಿಂದ ನೀರು ಹೊತ್ತದ್ದು, ದನ ತಿನ್ನದಂತೆ ಮುಳ್ಳು ಕಟ್ಟಿದ್ದು. ಆ ದಂಪತಿ ವರ್ಷಗಟ್ಟಲೆ ಕೊಟ್ಟದ್ದು ಆರೈಕೆಯ ಕೂಲಿ.

ಆರೈಕೆ ಎಂದರೆ ನಮ್ಮವರಿಗೆ ಗೊತ್ತಿರುವುದು ತಲೆ ಕಡಿಯುವುದು. "ತಲೆ ಕಡಿದ್ರೆ ಚೆನ್ನಾಗಿ ಚಿಗುರುತ್ತೆ" ಎನ್ನುತ್ತಾರೆ. ಚಿಗುರುತ್ತದೆ, ಸುಳ್ಳಲ್ಲ. ಬಸವನ ಗುಡಿಯ ಮುಂದಿನ ಹೊಂಗೆಯಿಂದ ಹಿಡಿದು ಬಸ್ ಸ್ಟ್ಯಾಂಡಿನ ಮಳೆಮರದವರೆಗೆ ತಲೆ ಹೋದ ಮೊಂಡು ಮರಗಳು ಎರಡೇ ಮಳೆಗೆ ಪೊದೆಯಾಗುತ್ತವೆ. ಆ ಚಿಗುರು ಎಲ್ಲಿಂದ ಬಂತು ನೋಡಿ: ಮರದ ಒಡಲಿನಿಂದಲ್ಲ, ಕಡಿದ ಜಾಗದ ತೊಗಟೆಯ ಅಂಚಿನಿಂದ. ಮೇಲೆ ಮೇಲೆ ಅಂಟಿಕೊಂಡ ಕೊಂಬೆಗಳವು. ಅವುಗಳ ಬುಡದಲ್ಲೇ ಕಡಿದ ಗಾಯ ಬಿಸಿಲಿಗೆ ಸೀಳಿ, ಮಳೆಗೆ ನೆನೆದು ಲಡ್ಡಾಗುತ್ತಿರುತ್ತದೆ. ನಾಲ್ಕೈದು ವರ್ಷಕ್ಕೆ ಕೊಂಬೆ ತೊಡೆ ಗಾತ್ರವಾಗುತ್ತದೆ, ಹಿಡಿತ ಮಾತ್ರ ತೊಗಟೆಯಷ್ಟು. ಇನ್ನು ಗಾಳಿಗೆ ಬರೋಣ. ಜೋಗಿಮಟ್ಟಿಯ ನೆತ್ತಿಯಿಂದ ಹಿಡಿದು ಹೊಸದುರ್ಗ, ಹಿರಿಯೂರಿನ ಗುಡ್ಡಗಳವರೆಗೆ ಕರೆಂಟ್ ತೆಗೆಯಲು ಕಂಪನಿಗಳು ಹುಡುಕಿಕೊಂಡು ಬಂದು ಗಿರಗಟ್ಟೆ ನೆಟ್ಟ ಜಿಲ್ಲೆ ನಮ್ಮದು. ಆ ಆಷಾಢದ ಗಾಳಿ ಫ್ಯಾನು ತಿರುಗಿಸಿ ಸುಮ್ಮನಾಗುವುದಿಲ್ಲ. ಭರಣಿ, ಕೃತ್ತಿಕೆಯ ಮಳೆ ತರುವ ಬಿರುಗಾಳಿ ಅದಕ್ಕೂ ಮೊದಲೇ ಬಂದಿರುತ್ತದೆ. ತಲೆ ಕಡಿಸಿ ಮರವನ್ನು ಕ್ಷೇಮ ಮಾಡಿದೆವು ಎಂದುಕೊಂಡವರ ಅಂಗಳದಲ್ಲೇ ಕೊಂಬೆ ಸೀಳಿ ಬೀಳುವುದು ಹೀಗೆ.

ಇದನ್ನು ಕಣ್ಣಾರೆ ಕಂಡು ಹೇಳಿದವರು ಚಳಿ ದೇಶದವರೇ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದು ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕೆಲಸ ಮಾಡಿದ ಅಲೆಕ್ಸ್ ಶೈಗೊ (1930–2006) ಸಾವಿರಾರು ಮರಗಳನ್ನು ಗರಗಸದಿಂದ ಉದ್ದಕ್ಕೆ ಸೀಳಿ ಒಳಗಿನ ಗಾಯಗಳನ್ನು ಓದಿದರು. ಮರದ ಗಾಯ ನಮ್ಮ ಚರ್ಮದ ಗಾಯದಂತೆ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿ ಒಳಗೇ ಮುಚ್ಚಿಡುತ್ತದೆ ಎಂಬುದು ಅವರು ಕಂಡ ಸತ್ಯ. ಹಾಗಾಗಿ ಕಡಿದ ಬಾಯಿಗೆ ಬಳಿಯುವ ಟಾರು, ಬಣ್ಣ ಕೊಳೆಯುವುದನ್ನು ತಡೆಯುವುದಿಲ್ಲ. ಎಲ್ಲಿ ಕಡಿದಿರಿ ಎಂಬುದೇ ಮುಖ್ಯ. ದಪ್ಪ ಕೊಂಬೆಯನ್ನು ತೆಗೆಯಲು ಮೂರು ಕೊಯ್ತ ಬೇಕು. ಮೊದಲನೆಯದು ಕಾಂಡದಿಂದ ಒಂದಡಿ ಆಚೆ, ಕೊಂಬೆಯ ಕೆಳಗಿನಿಂದ ಮೇಲಕ್ಕೆ, ಕಾಲು ಭಾಗ ಮಾತ್ರ. ಎರಡನೆಯದು ಅದರಿಂದ ಇನ್ನೂ ಸ್ವಲ್ಪ ಆಚೆ, ಮೇಲಿನಿಂದ ಕೆಳಕ್ಕೆ. ಆಗ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನು ಸುಲಿದುಕೊಂಡು ಹೋಗುವುದಿಲ್ಲ. ಉಳಿದ ಮೋಟನ್ನು ಮೂರನೆಯ ಸಲ, ಕೊಂಬೆ ಹೊರಟ ಕಡೆ ಉಂಗುರದಂತೆ ಉಬ್ಬಿರುತ್ತದಲ್ಲ, ಅದನ್ನು ಉಳಿಸಿ ಅದರ ಹೊರಗೆ ಕೊಯ್ಯಬೇಕು. ಆ ಉಬ್ಬನ್ನು ಕೆತ್ತಿದರೆ ಮರದ ಗೋಡೆ ಕಟ್ಟುವ ಶಕ್ತಿಯನ್ನೇ ಕೆತ್ತಿದಂತೆ. ಐದು ನಿಮಿಷದ ಕೆಲಸ ಹದಿನೈದು ನಿಮಿಷವಾಗುತ್ತದೆ, ಅಷ್ಟೆ. ಸೌದೆ ಕೂಲಿಯವನಿಗೆ ಆ ಹತ್ತು ನಿಮಿಷ ನಷ್ಟ. ರೊಕ್ಕ ಕೊಟ್ಟು ಕರೆಸಿದವನನ್ನು ಹೀಗೆ ಮಾಡಪ್ಪ ಎಂದು ಕೇಳುವ ಹಕ್ಕು ನಮಗಿರುತ್ತದೆ.

ಬುಡದ ಕಥೆಯೂ ಇದೇ. ಗಟ್ಟಿ ಇರಲೆಂದು ಮರದ ಸುತ್ತ ಸಿಮೆಂಟ್ ಕಟ್ಟೆ, ಇಂಟರ್‌ಲಾಕ್ ಕಲ್ಲು. ವರ್ಷಕ್ಕೆ ಆರುನೂರು ಮಿಲಿಮೀಟರ್ ಮುಟ್ಟಲೂ ತಿಣುಕುವ ಮಳೆಯ ಊರಿನಲ್ಲಿ ಬಿದ್ದ ನೀರೂ ಬೇರಿಗೆ ಹೋಗದಂತೆ ಮಾಡಿ, ಮರ ಒಣಗಿದಾಗ ಹಣೆಬರಹ ಎನ್ನುತ್ತೇವೆ. ದೆಹಲಿಯಲ್ಲಿ ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆದೇಶಿಸಿದ್ದು 2013ರಲ್ಲಿ. ನಮ್ಮ ಮನೆ ಮುಂದೆ ಅದನ್ನು ಮಾಡಲು ಯಾವ ಆದೇಶವೂ ಬೇಡ, ಒಂದು ಹಾರೆ ಸಾಕು.

ತೆಂಗಿಗೂ ಆರೈಕೆಯ ದಾರಿ ಇದೆ. ನುಸಿ ಬಿದ್ದ ಮರಕ್ಕೆ ಬೇವಿನ ಮೂಲದ ಅಜಾಡಿರಾಕ್ಟಿನ್ ಶೇ 5ರ ಔಷಧಿ 7.5 ಮಿಲಿ, ಅಷ್ಟೇ ನೀರು ಬೆರೆಸಿ ಪೊಟ್ಟಣಕ್ಕೆ ತುಂಬಿ, ಒಂದು ಎಳೆ ಬೇರನ್ನು ಓರೆಯಾಗಿ ಕತ್ತರಿಸಿ ಆ ಪೊಟ್ಟಣದೊಳಗೆ ಇಳಿಬಿಟ್ಟರೆ ಬೇರೇ ಕುಡಿದುಕೊಳ್ಳುತ್ತದೆ; ಯಾರೂ ಹತ್ತಬೇಕಿಲ್ಲ. ಹಿರಿಯೂರಿನ ಬಬ್ಬೂರು ಫಾರಂ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ನಮ್ಮ ಮನೆ ಬಾಗಿಲಲ್ಲೇ ಇದೆ, ಕೇಳಿದರೆ ಹೇಳುತ್ತಾರೆ. ಆ್ಯಶ್ ಮರಕ್ಕೆ ಅಮೆರಿಕದವರು ಕೊಟ್ಟ ಇಂಜೆಕ್ಷನ್ನಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ, ಖರ್ಚಿನಲ್ಲಿ ನಮ್ಮದು ಚಿಲ್ಲರೆ.

ಇಷ್ಟೆಲ್ಲ ಹೇಳಿದರೆ ಬರುವ ಉತ್ತರ ಒಂದೇ: ಇದೆಲ್ಲ ಇದ್ದವರ ಮಾತು, ಬಡವರು ಎಲ್ಲಿಂದ ತರುವುದು? ಪ್ರಶ್ನೆ ಸರಿಯಾದದ್ದೇ. ಆದರೆ ಮರ ಮನೆಯ ಮೇಲೆ ಬಿದ್ದಾಗ ಅತಿ ಹೆಚ್ಚು ಕಳೆದುಕೊಳ್ಳುವವರೂ ಶೀಟಿನ ಮನೆಯ ಬಡವರೇ, ಮರದಿಂದ ಬೀಳುವವರೂ ಅವರೇ. ಹೀಗಿರುವಾಗ ಸೌದೆ ಪದ್ಧತಿಯನ್ನು ಬಡವರ ಹೆಸರಿನಲ್ಲಿ ಸಮರ್ಥಿಸುವುದು ಮೋಜಿನ ವಾದ. ಬೀದಿದೀಪ ಸರಿಮಾಡಲು ನಗರಸಭೆಗಳು ಏಣಿ ಗಾಡಿ ಇಟ್ಟುಕೊಳ್ಳುತ್ತವೆ. ಅಂಥದ್ದೇ ಒಂದನ್ನು ಬೇಸಿಗೆಯ ಎರಡು ತಿಂಗಳು ಮರ ಸವರಲು ಬಾಡಿಗೆಗೆ ಕೊಟ್ಟರೆ, ಬೀದಿಯ ಹತ್ತು ಮನೆ ಹಂಚಿಕೊಂಡರೆ, ಯಾರಿಗೂ ಭಾರವಾಗುವುದಿಲ್ಲ. ಬೆಸ್ಕಾಂ ಹೇಗೂ ಮಳೆಗಾಲದ ಮೊದಲು ತಂತಿಗೆ ತಾಗುವ ಕೊಂಬೆ ಕಡಿಸಲು ಲೈನ್ ಆಫ್ ಮಾಡುತ್ತದೆ. ಮೂರು ಕೊಯ್ತದ ಪಾಠವನ್ನು ಆ ಗ್ಯಾಂಗಿನವರಿಗೆ ಒಂದು ಬೆಳಿಗ್ಗೆ ಕಲಿಸಿದರೆ ಸಾಕು, ಅರ್ಧ ಊರಿನ ಮರ ಉಳಿಯುತ್ತವೆ.

ಜೀವಂತ ಮರದ ಲೆಕ್ಕ ನಮ್ಮವರಿಗೆ ಗೊತ್ತೇ ಇಲ್ಲ ಎಂದರೆ ನಾನು ಒಪ್ಪುವುದಿಲ್ಲ. ಹುಣಸೆಯನ್ನು ಚೇಣಿಗೆ ಕೊಡುವಾಗ ನೋಡಿ. ಹೂ ಕಚ್ಚುವ ಹೊತ್ತಿಗೇ ಬಂದು ಕೊಂಬೆ ಕೊಂಬೆ ಲೆಕ್ಕ ಹಾಕುವ ಚೇಣಿದಾರ, ಹಣ್ಣು ಬಡಿಯುವಾಗ ಕೊಂಬೆ ಮುರಿಯಬಾರದೆಂದು ತಾಕೀತು ಮಾಡುವ ಮನೆಯಾಕೆ, ಮುಂದಿನ ವರ್ಷದ ಫಸಲಿನ ಮೇಲೆ ಇಬ್ಬರಿಗೂ ಕಣ್ಣು. ಅಲ್ಲಿ ಹಣ್ಣಿನ ದುಡ್ಡು ಬೇರೆ, ಬಡಿಯುವವರ ಕೂಲಿ ಬೇರೆ. ಅದೇ ಮನೆಯ ಇನ್ನೊಂದು ಮೂಲೆಯ ಬೇವಿಗೆ ಈ ಬುದ್ಧಿ ಯಾಕೆ ಓಡುವುದಿಲ್ಲ? ಹಿರಿಯೂರಿನ ಏಪ್ರಿಲ್ ಬಿಸಿಲಿನಲ್ಲಿ ಅದು ಕೊಡುವ ನೆರಳಿಗೆ ಚೇಣಿ ಕೊಡುವವರಿಲ್ಲ, ಅದಕ್ಕೇ ಇರಬೇಕು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಮರದವನನ್ನು ಕರೆದಾಗ ಕೂಲಿ ಬೇರೆ, ಸೌದೆ ಬೇರೆ ಮಾತಾಡಿ. ಕೂಲಿಯನ್ನು ರೊಕ್ಕದಲ್ಲಿ ಕೊಟ್ಟು, ಸೌದೆ ಬಂದರೆ ಅದರ ಬೆಲೆ ಆಮೇಲೆ ಕಟ್ಟಿ. ಕಡಿಯುವುದೊಂದೇ ದಾರಿಯೋ ಎಂದು ಸೌದೆ ಬೇಡದ ಇನ್ನೊಬ್ಬರನ್ನು ಕೇಳಿ. ಹಗ್ಗ ಬಿಗಿಯುವ ಮೊದಲು ವಿಮೆ ಆಗಿದೆಯೇ ಎಂದು ವಿಚಾರಿಸಿ. ಆಗಿಲ್ಲವೆಂದರೆ ಆ ಇಪ್ಪತ್ತು ರೂಪಾಯಿ ನೀವೇ ಕಟ್ಟಿಸಿ. ಆ ವಿಮೆಯ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ, ಆಷಾಢದ ಗಾಳಿಗೆ ಸ್ವಲ್ಪ ಮೊದಲು.